ಸಾವಿನ ಭಯ: ಮೇಷ್ಟ್ರ ಪಟ್ಟಿಯಲ್ಲಿ ಇಲ್ಲದ ಸಾಲು

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗಬಾರದೆಂದು ವೃತ್ತಿ, ಬಡಾವಣೆ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆಯಿದೆ. ಓದಿ ನೋಡಿ, ಕಾಗುಣಿತದ ತಪ್ಪುಗಳನ್ನು ತಿದ್ದಿಯೂ ಕೊಟ್ಟಿದ್ದಾರೆ.

ಇವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಬೆಂಗಳೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ರಾತ್ರಿ ಎರಡೂವರೆ, ಮೂರು ಗಂಟೆಗೆ ಎಚ್ಚರವಾಗುತ್ತದೆ. ಎದೆ ಡವಡವ, ಅಂಗೈ ತಣ್ಣಗೆ, ಉಸಿರು ಸಾಲದು, ‘ಈಗ ಹೋದೆ’ ಎನ್ನುವ ಖಾತ್ರಿ. ಹೆಂಡತಿಯನ್ನು ಎಬ್ಬಿಸಿ, ಆಟೋ ಹಿಡಿದು ಎಮರ್ಜೆನ್ಸಿಗೆ ಓಡುವುದು. ಇಸಿಜಿ ಸರಿಯಿದೆ, ಎಕೋ ಸರಿಯಿದೆ, ಟಿಎಂಟಿ ಸರಿಯಿದೆ. ಹೃದಯದ ಡಾಕ್ಟರೇ ‘ನಿಮ್ಮ ಗುಂಡಿಗೆಗೆ ಏನೂ ಆಗಿಲ್ಲ, ಮನಸ್ಸಿನವರನ್ನ ಒಂದ್ಸಲ ನೋಡಿ’ ಎಂದು ಕಳಿಸಿದ್ದರು. ದಿಂಬಿನ ಕೆಳಗೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಟ್ಟುಕೊಂಡೇ ಮಲಗುತ್ತಾರೆ ಎಂದು ಅವರ ಮನೆಯವರು ಹೇಳಿದರು. ಅದರ ಬ್ಯಾಟರಿ ಮುಗಿದರೆ ಅಂದು ನಿದ್ದೆಯಿಲ್ಲ.

ಇದು ಪ್ಯಾನಿಕ್ ಅಟ್ಯಾಕ್. ಅದರಲ್ಲಿ ಅನುಮಾನವಿರಲಿಲ್ಲ. ಮೈಯ ಅಪಾಯದ ಗಂಟೆ ಕಾರಣವಿಲ್ಲದೆ ಬಾರಿಸುತ್ತದೆ, ಕೆಲವೇ ನಿಮಿಷದಲ್ಲಿ ತುದಿಗೇರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಸ್ಪತ್ರೆ ತಲುಪುವ ಹೊತ್ತಿಗೆ ಹೇಗೂ ಇಳಿಯಬೇಕಾದದ್ದು ಇಳಿದಿರುತ್ತದೆ. ಆದರೆ ಮನಸ್ಸು ‘ಆಸ್ಪತ್ರೆಗೆ ಬಂದದ್ದಕ್ಕೇ ಉಳಿದೆ’ ಎಂದು ಲೆಕ್ಕ ಬರೆದುಕೊಳ್ಳುತ್ತದೆ. ಲೆಕ್ಕದ ಮೇಷ್ಟ್ರಿಗೆ ಈ ತಪ್ಪು ಲೆಕ್ಕವನ್ನು ವಿವರಿಸಿದಾಗ ತಕ್ಷಣ ಅರ್ಥವಾಯಿತು. ಅರ್ಥವಾದರೂ ಅವರ ಪ್ರಶ್ನೆ ಬೇರೆಯೇ ಇತ್ತು.

ಚೀಲದಿಂದ ಒಂದು ಉದ್ದ ಸೈಜಿನ ನೋಟ್‌ಬುಕ್ ತೆಗೆದರು. ಸ್ಕೇಲಿಟ್ಟು ಎಳೆದ ಮೂರು ಕಾಲಂ: ಧರ್ಮ, ಸತ್ತ ಮೇಲೆ ಏನು, ಹೆದರಬೇಕೋ ಬೇಡವೋ. ಮೂರನೆಯದರಲ್ಲಿ ಕೆಂಪು ಪೆನ್ನಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದರು. ‘ಯಾವ ಧರ್ಮದಲ್ಲಿ ಇದಕ್ಕೆ ಸರಿಯಾದ ಉತ್ತರ ಇದೆ ಹೇಳಿ ಮೇಡಂ, ಅದನ್ನೇ ಹಿಡ್ಕೋತೀನಿ’ ಎಂದರು. ತಮಾಷೆಗೆ ಹೇಳಿದ್ದಲ್ಲ.

ಗೀತೆಗೆ ಆರು ಅಂಕ. ಹಳೆ ಬಟ್ಟೆ ಬಿಟ್ಟು ಹೊಸದನ್ನು ಉಡುವಂತೆ ಆತ್ಮ ದೇಹ ಬದಲಿಸುತ್ತದೆ ಎಂಬ ಎರಡನೆಯ ಅಧ್ಯಾಯದ ಮಾತು ಅವರಿಗೆ ಬಾಯಿಪಾಠ. ‘ಆತ್ಮ ಸಾಯಲ್ಲ, ಒಪ್ಪಿದೆ. ಆದ್ರೆ ಆ ಆತ್ಮಕ್ಕೆ ನನ್ನ ಮಗಳ ಹೆಸರು ನೆನಪಿರುತ್ತಾ? ಇಲ್ಲ ಅಂದ್ರೆ ಉಳ್ಕೊಂಡಿದ್ದು ಯಾರು?’ ಅದರ ಕೆಳಗಿನ ಸಾಲಿನಲ್ಲಿ ಗರುಡ ಪುರಾಣಕ್ಕೆ ಸೊನ್ನೆ. ಹಿಂದಿನ ವರ್ಷ ದೊಡ್ಡಮ್ಮ ತೀರಿಕೊಂಡಾಗ ಹದಿಮೂರು ದಿನವೂ ಮನೆಯಲ್ಲಿ ಓದಿಸಿದ್ದರು. ವೈತರಣಿ, ಯಮದೂತರು, ಪ್ರೇತವು ಒಂದು ವರ್ಷ ಕಾಲ ಹದಿನಾರು ಪಟ್ಟಣ ದಾಟಿ ನಡೆಯುವ ದಾರಿ, ಆ ದಾರಿಗೆ ಮಕ್ಕಳು ಇಡುವ ಪಿಂಡವೇ ಬುತ್ತಿ. ಈ ಕೊನೆಯ ಮಾತಿಗೆ ಎರಡು ಗೆರೆ ಎಳೆದಿದ್ದರು. ಆಗ ನಾನು ಅದನ್ನು ಗಮನಿಸಿದೆ, ಕೇಳಲಿಲ್ಲ. ಮೊದಲ ದಿನವೇ ಕೇಳಬಾರದ ಪ್ರಶ್ನೆಗಳಿರುತ್ತವೆ.

ವಿಜ್ಞಾನದ ಸಹೋದ್ಯೋಗಿ ಮುಸ್ಲಿಮರು. ಅವರನ್ನು ಕೇಳಿ ಬರೆದುಕೊಂಡಿದ್ದು: ಸಮಾಧಿಯಲ್ಲಿ ಮುನ್ಕರ್, ನಕೀರ್ ಎಂಬ ಇಬ್ಬರು ದೇವದೂತರು ಬಂದು ಪ್ರಶ್ನೆ ಕೇಳುತ್ತಾರೆ, ಕಯಾಮತ್‌ವರೆಗೆ, ಅಂದರೆ ಅಂತಿಮ ತೀರ್ಪಿನ ದಿನದವರೆಗೆ, ಬರ್ಜಖ್ ಎಂಬ ನಡುವಿನ ಸ್ಥಿತಿ. ಎರಡು ಅಂಕ. ಆ ಸಹೋದ್ಯೋಗಿ ಇದರ ಜೊತೆಗೇ ಇನ್ನೊಂದು ಮಾತು ಹೇಳಿದ್ದರಂತೆ. ಅಲ್ಲಾಹನ ಬಗ್ಗೆ ಒಳ್ಳೆಯ ಭರವಸೆ ಇಟ್ಟುಕೊಂಡೇ ಸಾಯಬೇಕೆಂದು ಪ್ರವಾದಿಯವರು ಹೇಳಿದ್ದಾರೆ, ಭಯ ಮತ್ತು ಆಸೆ ಎರಡನ್ನೂ ಸಮವಾಗಿ ಹಿಡಿಯಬೇಕು ಎಂದು. ಅದು ಪಟ್ಟಿಗೆ ಬಂದೇ ಇರಲಿಲ್ಲ. ನಾನು ಕೆದಕಿದಾಗ ಬಾಯಲ್ಲಿ ಬಂತು.

ಕ್ರೈಸ್ತ ಧರ್ಮದ ಸಾಲಿನಲ್ಲೂ ಅದೇ ಕಥೆ. ಎದುರು ಮನೆಯ ಕ್ಯಾಥೊಲಿಕ್ ಅಜ್ಜಿ ಪುನರುತ್ಥಾನದ ಬಗ್ಗೆ, ನವೆಂಬರ್ 2ರಂದು ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಬಗ್ಗೆ, ಸಮಾಧಿಗೆ ಹೂವು, ಮೇಣದಬತ್ತಿ ಒಯ್ಯುವುದರ ಬಗ್ಗೆ ಹೇಳಿದ್ದರು. ಮೇಷ್ಟ್ರು ಬರೆದುಕೊಂಡಿದ್ದು ಗೆತ್ಸೆಮನೆ ತೋಟ ಮಾತ್ರ. ಹಿಡಿಯಲ್ಪಡುವ ರಾತ್ರಿ ಯೇಸು ‘ಈ ಪಾತ್ರೆ ನನ್ನಿಂದ ದೂರವಾಗಲಿ’ ಎಂದು ಪ್ರಾರ್ಥಿಸಿದ್ದು. ಪಕ್ಕದಲ್ಲಿ ‘ದೇವರ ಮಗನಿಗೂ ಭಯ!!’ ಎಂಬ ಷರಾ. ಅಜ್ಜಿಗೆ ಅದೇ ಘಟನೆ ಸಮಾಧಾನದ ಮೂಲ. ‘ಅವನೇ ಹೆದರಿದ್ದ ಅಂದಮೇಲೆ ನನ್ನ ಹೆದರಿಕೆ ಅವನಿಗೆ ಗೊತ್ತು’ ಎನ್ನುತ್ತಾರಂತೆ.

ಚಿಕ್ಕಪೇಟೆಯ ಜೈನ ವ್ಯಾಪಾರಿಯೊಬ್ಬರು ಸಲ್ಲೇಖನದ ಬಗ್ಗೆ ಹೇಳಿದ್ದರು. ಕೊನೆಗಾಲದಲ್ಲಿ ಗುರುವಿನ ಅನುಮತಿ ಪಡೆದು, ಹಂತಹಂತವಾಗಿ ಆಹಾರ ಬಿಟ್ಟು, ಎಲ್ಲರಲ್ಲೂ ಕ್ಷಮೆ ಕೇಳಿ ಸಾವನ್ನು ಎದುರುಗೊಳ್ಳುವ ವ್ರತ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬ ಹೀಗೆ ದೇಹ ಬಿಟ್ಟವರ ಶಾಸನಗಳಿವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಎಂದದ್ದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟದ್ದು ಎಲ್ಲವನ್ನೂ ಮೇಷ್ಟ್ರು ಬರೆದಿದ್ದರು. ಗಾಂಧಿನಗರದಲ್ಲಿರುವ ಬೌದ್ಧರ ಮಹಾಬೋಧಿ ಸೊಸೈಟಿಗೂ ಹೋಗಿಬಂದಿದ್ದರು. ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೊರಟ ಕಿಸಾಗೌತಮಿಯ ಕಥೆ ಇತ್ತು. ಅತಿ ಹೆಚ್ಚು ಅಂಕ, ಒಂಬತ್ತು, ಸಿಕ್ಕಿದ್ದು ‘ಮರಣವೇ ಮಹಾನವಮಿ’ ಎಂದ ಶರಣರಿಗೆ. ಅದನ್ನು ಹೇಳಿಕೊಟ್ಟವರು ಧಾರವಾಡ ಕಡೆಯ ಕನ್ನಡ ಮೇಷ್ಟ್ರು. ಆದರೆ ಅವರೇ ಕಡೆಗೆ ‘ಮಹಾನವಮಿ ಖರೆ ಐತ್ರಿ, ಆದ್ರ ನಮ್ಮವ್ವ ಹ್ವಾದಾಗ ನನಗ ಮೂರು ದಿನ ಅನ್ನ ಇಳೀಲಿಲ್ಲ’ ಅಂದುಬಿಟ್ಟರಂತೆ. ಒಂಬತ್ತನ್ನು ಹೊಡೆದುಹಾಕಿ ಏಳು ಮಾಡಿದ್ದರು.

ಈ ಪಟ್ಟಿ ನೋಡಿ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ. ಇಂಥ ಭಯ ಇಟ್ಟುಕೊಂಡು ಬರುವವರಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಸಾವಿನ ಭಯ ಎಂದು ನಾವು ಕರೆಯುವುದು ಒಂದೇ ಭಯವಲ್ಲ. ಸಾಯುವಾಗ ಆಗುವ ನೋವು, ಉಸಿರುಗಟ್ಟುವುದು, ಐಸಿಯುನಲ್ಲಿ ಒಬ್ಬರೇ ಬಿದ್ದಿರುವುದು ಒಂದು. ಸತ್ತ ಮೇಲೆ ಲೆಕ್ಕ ಒಪ್ಪಿಸಬೇಕಾದೀತು ಎಂಬುದು ಇನ್ನೊಂದು. ‘ನಾನು’ ಎಂಬುದೇ ಇಲ್ಲವಾಗುವುದು ಮಗದೊಂದು. ಮಗಳ ಮದುವೆ ಆಗಿಲ್ಲ, ಸಾಲ ತೀರಿಲ್ಲ, ಹೆಂಡತಿ ಗತಿಯೇನು ಎಂಬುದಂತೂ ಸಾವಿನ ಭಯವೇ ಅಲ್ಲ, ಬದುಕಿನ ಜವಾಬ್ದಾರಿ. ಪ್ರತಿ ಧರ್ಮವೂ ಇವುಗಳಲ್ಲಿ ಒಂದಕ್ಕೋ ಎರಡಕ್ಕೋ ಗಟ್ಟಿ ಉತ್ತರ ಕೊಟ್ಟಿದೆ, ಉಳಿದದ್ದನ್ನು ಹಾಗೇ ಬಿಟ್ಟಿದೆ, ಕೆಲವನ್ನು ಬೇಕೆಂದೇ ಸ್ವಲ್ಪ ಹೆಚ್ಚಿಸಿದೆ. ಗರುಡ ಪುರಾಣದ ನರಕವಾಗಲಿ, ಸಮಾಧಿಯ ಪ್ರಶ್ನೆಗಳಾಗಲಿ, ಅಂತಿಮ ತೀರ್ಪಾಗಲಿ, ಬದುಕಿದ್ದವರು ನೆಟ್ಟಗೆ ನಡೆಯಲಿ ಎಂದು ಹೇಳಿದ್ದು. ಎದೆಯೊಳಗೆ ಮೊದಲೇ ಅಪರಾಧ ಹೊತ್ತು ಕೂತವನ ಕಿವಿಗೆ ಅದು ಚಾರ್ಜ್‌ಶೀಟ್ ಓದಿದಂತೆ ಕೇಳುತ್ತದೆ. ಉಸಿರುಗಟ್ಟೀತೆಂದು ಹೆದರುವವನಿಗೆ ಆತ್ಮದ ಅಮರತ್ವ ಬೋಧಿಸಿದರೆ ಏನು ಬಂತು?

ಹಾಗಾಗಿ ‘ಯಾವ ಧರ್ಮ’ ಎಂಬ ಪ್ರಶ್ನೆಗೆ ಉತ್ತರಿಸಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ಅವರ ಪಟ್ಟಿಯಲ್ಲಿಲ್ಲದ ಒಂದನ್ನು ಮಾತ್ರ ತಿಳಿಸಿದೆ. ಯೋಗಸೂತ್ರದ ಪತಂಜಲಿ ಮನಸ್ಸನ್ನು ಕಾಡುವ ಐದು ಕ್ಲೇಶಗಳಲ್ಲಿ ಕೊನೆಯದಾಗಿ ಅಭಿನಿವೇಶವನ್ನು, ಅಂದರೆ ಬದುಕಿಗೆ ಅಂಟಿಕೊಳ್ಳುವ ಸಾವಿನ ಭಯವನ್ನು ಹೇಳಿ, ಅದು ವಿದ್ವಾಂಸರಲ್ಲೂ ತಾನಾಗಿ ಹರಿಯುತ್ತಿರುತ್ತದೆ ಎನ್ನುತ್ತಾನೆ. ‘ಹಾಗಾದ್ರೆ ಎಲ್ರೂ ಫೇಲ್’ ಎಂದು ಮೇಷ್ಟ್ರು ನಕ್ಕರು. ಅವರು ನಕ್ಕಿದ್ದು ಅದೇ ಮೊದಲು.

ಮುಂದಿನ ಭೇಟಿಯಲ್ಲಿ ಮಾತು ತೆಗೆದವರು ಅವರ ಹೆಂಡತಿ. ‘ಇಷ್ಟೆಲ್ಲ ಬರ್ದಿದಾರೆ, ಮಾವನವರ ವಿಷ್ಯ ಒಂದು ಸಾಲಿಲ್ಲ ನೋಡಿ ಮೇಡಂ.’

ಮಾವನವರು ತೀರಿಕೊಂಡಿದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದ, ತಾವರೆಕೆರೆ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ ಹಚ್ಚಿದ ದಿನಗಳು. ವೆಂಟಿಲೇಟರ್ ಮೇಲಿದ್ದ ತಂದೆಯನ್ನು ಮೇಷ್ಟ್ರು ಕೊನೆಯದಾಗಿ ನೋಡಿದ್ದು ವಾರ್ಡಿನ ಸಿಬ್ಬಂದಿಯೊಬ್ಬರು ಮಾಡಿದ ವಿಡಿಯೊ ಕಾಲ್‌ನಲ್ಲಿ. ಅವರಿಗೂ ಪಾಸಿಟಿವ್, ಮನೆಯಲ್ಲೇ ಮಲಗಿದ್ದರು. ಜಿಪ್ ಎಳೆದ ಚೀಲವನ್ನು ಬಾವಮೈದುನ ದೂರದಿಂದ ನೋಡಿ ಕೈಮುಗಿದರು. ಕೆಲವು ದಿನ ಬಿಟ್ಟು ಟೋಕನ್ ನಂಬರ್ ಅಂಟಿಸಿದ ಒಂದು ಮಡಕೆ ಕೈಗೆ ಬಂತು. ‘ಅದು ಅಪ್ಪಂದೇನಾ ಅಂತ ಇವತ್ತಿಗೂ ಗೊತ್ತಿಲ್ಲ ಮೇಡಂ’ ಎಂದು ಮೇಷ್ಟ್ರು ಬಿಕ್ಕಿದರು. ಹಿರಿಮಗ ಬೆಂಕಿ ಇಡಲಿಲ್ಲ, ಬುತ್ತಿ ಕಟ್ಟಲಿಲ್ಲ. ಅಪ್ಪ ಆ ದಾರಿಯಲ್ಲಿ ಎಲ್ಲಿ ನಿಂತಿದ್ದಾರೋ. ತಾನು ಸತ್ತಾಗ ಅಲ್ಲಿ ಎದುರಾಗುವ ಮೊದಲ ಮುಖ ಅವರದೇ. ಅವರು ‘ಯಾಕೋ ಬರಲಿಲ್ಲ?’ ಎಂದು ಕೇಳಿದರೆ ಏನು ಹೇಳುವುದು?

ಅಲ್ಲಿಗೆ ಭಯ ಯಾವುದೆಂದು ತಿಳಿಯಿತು. ಎರಡಿದ್ದವು: ಅಪ್ಪನಿಗೆ ಮುಖ ತೋರಿಸುವ ಭಯ, ಅಪ್ಪನ ಹಾಗೆ ಕೊಳವೆಗಳ ನಡುವೆ ಒಬ್ಬನೇ ಸಾಯುವ ಭಯ. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ; ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ಸುಳ್ಳು. ಇಲ್ಲ ಎಂದರು. ಆದರೂ ರಾತ್ರಿ ಹೊತ್ತಿಗಿರಲಿ ಎಂದು ಟೆಲಿ ಮನಸ್ ಸಹಾಯವಾಣಿ 14416 ಬರೆದುಕೊಟ್ಟೆ. ನಿದ್ದೆ ತೀರಾ ಕೆಟ್ಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಔಷಧಿ ಬರೆಯುವುದು ಅವರ ಕೆಲಸ.

ಕೊಟ್ಟ ಸಲಹೆಗಳಲ್ಲಿ ಸುಲಭವಾದದ್ದು ಆಕ್ಸಿಮೀಟರ್. ಮೊದಲು ದಿಂಬಿನಿಂದ ಬೀರುವಿಗೆ, ಆಮೇಲೆ ಹೆಂಡತಿಯ ಕೈಗೆ, ಆಮೇಲೆ ಪಕ್ಕದ ಮನೆಗೆ. ಎದೆ ಹೊಡೆದುಕೊಂಡಾಗ ಎದ್ದು ಓಡದೆ, ಗಡಿಯಾರ ನೋಡಿ ಏರುವುದನ್ನೂ ಇಳಿಯುವುದನ್ನೂ ಬರೆದಿಡಬೇಕು. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗ್ರಾಫ್ ಹಾಕಿದರು! ರಾತ್ರಿ ಮಲಗುವ ಮುಂಚೆ ಯೂಟ್ಯೂಬ್‌ನಲ್ಲಿ ಸತ್ತು ಬದುಕಿದವರ ಕಥೆ ನೋಡುವುದು ಬಂದ್.

ಕಷ್ಟವಾದದ್ದು ಅಪರಾಧದ ವಿಷಯ. ‘ನಿಮ್ಮ ತಪ್ಪೇನೂ ಇಲ್ಲ’ ಎಂದು ನಾನು ನೂರು ಸಲ ಹೇಳಿದರೂ ಅದು ಇಳಿಯುತ್ತಿರಲಿಲ್ಲ. ಭಯ ಹುಟ್ಟಿದ್ದು ಅವರ ನಂಬಿಕೆಯ ಒಳಗೆ. ಉತ್ತರವೂ ಅಲ್ಲಿಂದಲೇ ಬರಬೇಕಿತ್ತು. ಅವರ ಮನೆಯ ಪುರೋಹಿತರನ್ನೇ ಕೇಳಲು ಹೇಳಿದೆ. ಪ್ರೇತದ ಗತಿ ಏನೆಂದಲ್ಲ. ಕಾಯಿಲೆ ಬಿದ್ದು ಸಂಸ್ಕಾರಕ್ಕೆ ಹೋಗಲಾಗದ ಮಗನಿಗೆ ಶಾಸ್ತ್ರ ಏನು ಹೇಳುತ್ತದೆ ಎಂದು. ಪುರೋಹಿತರು ಬೈಯಲಿಲ್ಲ, ಹೆದರಿಸಲಿಲ್ಲ. ಆಪತ್ಕಾಲಕ್ಕೆ ಬೇರೆ ಧರ್ಮ, ದೇಹವೇ ಸಿಗದವರಿಗೆ ದರ್ಭೆ, ಮುತ್ತುಗದ ಎಲೆಯಲ್ಲಿ ಆಕೃತಿ ಮಾಡಿ ಸಂಸ್ಕರಿಸುವ ವಿಧಿಯನ್ನೇ ಹಿಂದಿನವರು ಇಟ್ಟಿದ್ದಾರೆ ಎಂದರಂತೆ. ಯುದ್ಧ, ಪ್ರವಾಹ, ದೂರದೇಶದ ಸಾವು ಇವೆಲ್ಲ ಅವರಿಗೂ ಗೊತ್ತಿತ್ತಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಸರಿಯಾದ ಸಂಸ್ಕಾರ ಸಿಗದೆ ಹೋದವರಿಗಾಗಿ ಮಾಡುವ ನಾರಾಯಣಬಲಿ ಮಾಡಿಸುವುದೆಂದು ತೀರ್ಮಾನವಾಯಿತು.

ನನ್ನದೊಂದು ಷರತ್ತಿತ್ತು: ಒಂದೇ ಸಲ. ಸಮಾಧಾನವಾಗಲಿಲ್ಲವೆಂದು ಇನ್ನೊಂದು ಶಾಂತಿ, ಮತ್ತೊಂದು ಹೋಮ ಎಂದು ಹೊರಟರೆ ಅದು ಆಕ್ಸಿಮೀಟರ್‌ನ ಇನ್ನೊಂದು ರೂಪ. ಈಗಾಗಲೇ ಒಬ್ಬ ಜ್ಯೋತಿಷಿ ಪರಿಹಾರಗಳ ಉದ್ದ ಪಟ್ಟಿ ಕೊಟ್ಟಿದ್ದರು. ಅದನ್ನು ಹರಿದು ಹಾಕಿ ಎಂದೆ. ಇಂಥ ವಿಷಯದಲ್ಲಿ ನಾನು ಮೃದುವಾಗಿ ಮಾತಾಡುವವಳಲ್ಲ.

ಕೊಳವೆಗಳ ಭಯಕ್ಕೆ ಕಾನೂನಿನಲ್ಲಿ ದಾರಿಯಿದೆ. ಗುಣವಾಗುವ ಭರವಸೆಯಿಲ್ಲದ ಸ್ಥಿತಿಯಲ್ಲಿ ಜೀವ ಹಿಡಿದಿಡುವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಮೇಷ್ಟ್ರು ಕರಡನ್ನು ಪ್ರಶ್ನೆಪತ್ರಿಕೆಯಷ್ಟೇ ಜಾಗ್ರತೆಯಿಂದ ಬರೆದರು.

ಇಂಥವರು ಮನೆಯಲ್ಲಿದ್ದರೆ ‘ಎಲ್ರೂ ಒಂದಿನ ಹೋಗೋರೇ ಅಲ್ವಾ’ ಎನ್ನಬೇಡಿ. ಅದು ಅವರಿಗೆ ಗೊತ್ತಿಲ್ಲದ ಸುದ್ದಿಯಲ್ಲ. ‘ಸಾವು ಅಂದ್ರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ?’ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಸುಮ್ಮನಿರಿ.

ಮೇಷ್ಟ್ರಿಗೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದೆ; ಆಸ್ಪತ್ರೆಗೆ ಓಡುವುದು ನಿಂತಿದೆ. ಸದ್ಯ ತಕರಾರು ಇರುವುದು ಅವರ ಮನೆಯವರದು. ಲಿವಿಂಗ್ ವಿಲ್‌ನಲ್ಲಿ ತಮ್ಮ ಪರವಾಗಿ ನಿರ್ಧರಿಸುವವರ ಜಾಗದಲ್ಲಿ ಮೇಷ್ಟ್ರು ಹೆಂಡತಿಯ ಹೆಸರು ಬರೆದಿದ್ದಾರೆ. ‘ಮಿಷನ್ ತೆಗೀರಿ ಅಂತ ನನ್ನ ಬಾಯಲ್ಲಿ ಹೇಳಿಸ್ತಾರಾ ಇವ್ರು? ಅವರ ಭಯ ಹೋಗಿ ನನಗೆ ಬಂತು’ ಎಂದು ಅವರು ಫೋನಿನಲ್ಲಿ ರೇಗಿದರು. ಅದರಲ್ಲಿ ನ್ಯಾಯವಿದೆ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಲು ಹೇಳಿದ್ದೇನೆ.