ಹೈಡ್ರೋಜನ್ ಲಾರಿಗೆ ಕಾಯಬೇಕೇ, ಈಗಲೇ ಬ್ಯಾಟರಿ ಲಾರಿ ಕೊಳ್ಳಬೇಕೇ?

ನೆಲಮಂಗಲದಲ್ಲಿ ನಾಲ್ಕು ಡೀಸೆಲ್ ಲಾರಿಗಳಿರುವ ತಾವು, ಅವುಗಳನ್ನು ಮಾರಿ ಬ್ಯಾಟರಿ ಲಾರಿ ಕೊಳ್ಳುವುದೋ, ಹೈಡ್ರೋಜನ್ ಬರುವವರೆಗೆ ಕಾಯುವುದೋ ಎಂದು ಕೇಳಿದ್ದೀರಿ. ಪೀಣ್ಯದ ಸಾಗಣೆ ಸಂಸ್ಥೆಯೊಂದರಲ್ಲಿ ಟ್ರಿಪ್ ಲೆಕ್ಕ ಬರೆಯುವವನಾಗಿ ಹೇಳುವುದಾದರೆ, ಕಾಯುವುದು ಬೇಡ. ನಾಲ್ಕನ್ನೂ ಒಮ್ಮೆಗೇ ಬದಲಿಸುವುದೂ ಬೇಡ.

ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಅದನ್ನು ಒತ್ತಿ ತುಂಬಿಸಿ, ಲಾರಿಯೊಳಗೆ ಮತ್ತೆ ವಿದ್ಯುತ್ತಾಗಿಸುವಷ್ಟರಲ್ಲಿ ಮೂಲ ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರಕ್ಕೆ ಉಳಿಯುತ್ತದೆ. ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಸಿಗುತ್ತದೆ. ಇನ್ನೊಂದು ಆಯ್ಕೆಯಾದ ಎಲ್‌ಎನ್‌ಜಿ, ಅಂದರೆ ದ್ರವರೂಪದ ನೈಸರ್ಗಿಕ ಅನಿಲದ ಹೊಗೆ ಕಡಿಮೆಯಾದರೂ ಅದೂ ನೆಲದಡಿಯಿಂದ ತೆಗೆದ ಇಂಧನವೇ.

ಹೊಸಕೋಟೆ ಗೋಡೌನಿನಿಂದ ಪೀಣ್ಯಕ್ಕೆ ಸರಕು ತಂದು ದಿನವೂ ಶೆಡ್ಡಿಗೆ ಮರಳುವ ಗಾಡಿ ನಿಮ್ಮಲ್ಲಿದ್ದರೆ ಅದನ್ನೇ ಮೊದಲು ಬದಲಿಸಿ, ಶೆಡ್ಡಿನಲ್ಲೇ ಚಾರ್ಜ್ ಮಾಡಿಕೊಳ್ಳಬಹುದು. ರಿಟರ್ನ್ ಲೋಡ್ (ಮರಳುವಾಗ ಹೊರುವ ಸರಕು) ಸಿಕ್ಕ ಊರಿಗೆಲ್ಲ ಹೋಗುವ ಗಾಡಿ ಸದ್ಯಕ್ಕೆ ಡೀಸೆಲ್ಲಿನಲ್ಲೇ ಇರಲಿ.

ಬ್ಯಾಟರಿ ಲಾರಿ ಕೊಂಡರೆ ಪರಿಸರದ ಲಾಭ ತಾನಾಗಿ ಬರುತ್ತದೆಂದು ನಾನೂ ನಂಬಿದ್ದೆ, ಲೆಕ್ಕ ಹಾಕುವವರೆಗೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ ಮೂರು ಕಿಲೋಮೀಟರ್ ಓಡುವ ಭಾರಿ ಲಾರಿಗೆ ಅದು ಕಿಲೋಮೀಟರಿಗೆ 0.9 ಕಿಲೋ. ಅದೇ ತೂಕದ ಬ್ಯಾಟರಿ ಲಾರಿ ಕಿಲೋಮೀಟರಿಗೆ 1.2 ಯೂನಿಟ್ ಎಳೆದರೆ, ದೇಶದ ಸರಾಸರಿ ವಿದ್ಯುತ್ತಿನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಹಿಡಿದರೂ 0.84 ಆಗುತ್ತದೆ. ಕಲ್ಲಿದ್ದಲಿನ ಪಾಲು ಹೆಚ್ಚಿರುವ ರಾತ್ರಿಯ ಕರೆಂಟಿನಲ್ಲಿ ಚಾರ್ಜ್ ಮಾಡಿದರೆ ಆ ಚೂರು ಅಂತರವೂ ಉಳಿಯಲಿಕ್ಕಿಲ್ಲ. ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧವಿರುವ ಹಗಲು ಹೊತ್ತಿನಲ್ಲಿ ನಮ್ಮ ಗಾಡಿಗಳು ಹೇಗೂ ಸುಮ್ಮನೆ ನಿಂತಿರುತ್ತವೆಯಾದ್ದರಿಂದ, ಆ ಗಂಟೆಗಳಲ್ಲೇ ಶೆಡ್ಡಿನ ಚಾವಣಿಯ ಸೌರ ಫಲಕಗಳಿಂದ ಆದಷ್ಟು ತುಂಬಿಸಿಕೊಳ್ಳುವುದು ಸರಿಯಾದ ದಾರಿ.

ಇನ್ನು ಮಾರುವ ವಿಚಾರ. ವಿದ್ಯುತ್ ವಾಹನಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಡಿ 2025ರ ಜುಲೈನಲ್ಲಿ ವಿದ್ಯುತ್ ಲಾರಿಗಳಿಗೆ ಗರಿಷ್ಠ 9.6 ಲಕ್ಷ ರೂಪಾಯಿ ಪ್ರೋತ್ಸಾಹಧನ ಘೋಷಣೆಯಾಯಿತು. ಅದಕ್ಕೆ ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. ಬೇರೆಯವರಿಗೆ ಮಾರಿದರೆ ಆ ಪತ್ರ ಸಿಗದು, ಹೊಗೆಯೂ ನಿಲ್ಲದು. ಗಾಡಿಗೆ ಮುಂಗಡ ಕೊಡುವ ಮೊದಲು ವಿದ್ಯುತ್ ಪೂರೈಸುವ ಬೆಸ್ಕಾಂ ಕಚೇರಿಗೆ ಹೋಗಿ, ನಿಮ್ಮ ಶೆಡ್ಡಿನ ಸಂಪರ್ಕ ದೊಡ್ಡ ಚಾರ್ಜರನ್ನು ತಾಳುತ್ತದೆಯೋ, ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿಸಬೇಕೋ ಎಂದು ವಿಚಾರಿಸಿಕೊಳ್ಳಿ.