ಕವಲೊಡೆದ ತಂತ್ರಾಂಶ ಬಾಳುವುದೇ?

ಪ್ರಶ್ನೆ: ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶವೊಂದರ ಸೋರ್ಸ್ ಕೋಡನ್ನು (ಅದನ್ನು ಬರೆದಿರುವ ಮೂಲ ಸಾಲುಗಳನ್ನು) ನಕಲು ಮಾಡಿಕೊಂಡು ಕೆಲವರು ಪ್ರತ್ಯೇಕವಾಗಿ ಮುಂದುವರಿಸುವ ‘ಫೋರ್ಕ್’ (ಕವಲೊಡೆಯುವ) ಪದ್ಧತಿಯಿಂದ ಮೂಲ ಯೋಜನೆ ಸೊರಗುವುದಿಲ್ಲವೇ?

ಉತ್ತರ: ಸೊರಗಬಹುದು, ಆದರೆ ಹಾಗೆಯೇ ಆಗಬೇಕೆಂದಿಲ್ಲ. ಕೋಡನ್ನು ನಕಲು ಮಾಡಲು ಕ್ಷಣಮಾತ್ರ ಸಾಕು. ಅದನ್ನು ಆಳವಾಗಿ ಬಲ್ಲವರನ್ನು ನಕಲು ಮಾಡಲಾಗದು. ದೋಷಗಳನ್ನು ತಿದ್ದುವ, ಭದ್ರತಾ ಲೋಪಗಳನ್ನು ಮುಚ್ಚುವ, ಹೊಸಬರಿಗೆ ದಾರಿ ತೋರಿಸುವ ಕೈಗಳು ಹೆಚ್ಚಿನ ಯೋಜನೆಗಳಲ್ಲಿ ಕೆಲವೇ ಇರುವುದರಿಂದ, ಅವು ಎರಡು ಕಡೆಗೆ ಹಂಚಿಹೋದಾಗ ಒಂದೇ ತಿದ್ದುಪಡಿಯನ್ನು ಎರಡು ಬಾರಿ ಮಾಡಬೇಕಾಗುತ್ತದೆ. ಕವಲುಗಳು ದೂರವಾದಷ್ಟೂ ಒಂದರ ಕೆಲಸ ಇನ್ನೊಂದಕ್ಕೆ ಒದಗುವುದು ಕಷ್ಟವಾಗುತ್ತದೆ.

ಆದರೂ ಕವಲೊಡೆಯುವ ಈ ಹಕ್ಕು ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒರಾಕಲ್ ಸಂಸ್ಥೆಯು ಸನ್ ಮೈಕ್ರೋಸಿಸ್ಟಮ್ಸನ್ನು ಕೊಂಡ 2010ರಲ್ಲಿಯೇ, ಸನ್ ಪೋಷಿಸುತ್ತಿದ್ದ ಕಚೇರಿ ಕೆಲಸದ ತಂತ್ರಾಂಶವಾದ ಓಪನ್‌ಆಫೀಸ್‌ನ ಭವಿಷ್ಯದ ಬಗ್ಗೆ ಆತಂಕಗೊಂಡವರು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿ ಅದರ ಕವಲಾದ ಲಿಬ್ರೆಆಫೀಸ್ ಆರಂಭಿಸಿದರು. ಅಭಿವರ್ಧಕರು ಮಾತ್ರವಲ್ಲದೆ ಪ್ರಮುಖ ಲಿನಕ್ಸ್ ವಿತರಣೆಗಳೂ (ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧರೂಪದಲ್ಲಿ ಒದಗಿಸುವ ಯೋಜನೆಗಳು) ಅದರ ಜೊತೆಗೆ ನಿಂತದ್ದರಿಂದ ಇಂದು ಮೂಲಕ್ಕಿಂತ ಆ ಕವಲೇ ಚುರುಕಾಗಿ ಬೆಳೆಯುತ್ತಿದೆ. ಇನ್ನೂ ಮೆಚ್ಚತಕ್ಕದ್ದು ಕೋಡನ್ನು ಯಂತ್ರಭಾಷೆಗೆ ಬದಲಿಸುವ ತಂತ್ರಾಂಶವಾದ ಜಿಸಿಸಿ ಕಂಪೈಲರಿನ ಇತಿಹಾಸ. ಅದರ ಅಭಿವೃದ್ಧಿಯ ನಿಧಾನಗತಿಯಿಂದ ಬೇಸತ್ತವರು 1997ರಲ್ಲಿ ಇಜಿಸಿಎಸ್ ಎಂಬ ಕವಲನ್ನು ಆರಂಭಿಸಿದರು. 1999ರಲ್ಲಿ ಅದೇ ಅಧಿಕೃತ ಜಿಸಿಸಿಯಾಯಿತು. ಆಡಳಿತದ ಕುರಿತ ಭಿನ್ನಾಭಿಪ್ರಾಯದಿಂದ 2014ರಲ್ಲಿ ನೋಡ್ ಜೆಎಸ್ ಅನ್ನು (ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಮುಗಳನ್ನು ಬ್ರೌಸರಿನ ಹೊರಗೆ ಚಲಾಯಿಸುವ ತಂತ್ರಾಂಶ) ತೊರೆದ ಐಒ ಜೆಎಸ್ ಎಂಬ ಕವಲು ಸಹ ಮರುವರ್ಷವೇ ಮೂಲದೊಡನೆ ಕೂಡಿಕೊಂಡಿತು.

ನೀವು ಯಾವುದಾದರೂ ಕವಲನ್ನು ನೆಚ್ಚಿಕೊಳ್ಳುವ ಮೊದಲು ಅದರ ಹೊಸ ಸೌಲಭ್ಯಗಳ ಪಟ್ಟಿಗಿಂತಲೂ, ಅದನ್ನು ಎಷ್ಟು ಜನ ನಿರ್ವಹಿಸುತ್ತಿದ್ದಾರೆ, ಮೂಲದಲ್ಲಿ ಮಾಡಿದ ಭದ್ರತಾ ತಿದ್ದುಪಡಿಗಳು ಅಲ್ಲಿಗೆ ಎಷ್ಟು ಬೇಗ ತಲುಪುತ್ತಿವೆ ಎಂಬುದನ್ನು ದಯವಿಟ್ಟು ಪರಿಶೀಲಿಸಿ.