ದಿನಾ ಉಡೋಕೆ ಮೊದಲ ಕಿಲ್ಟ್: ಯಾವುದು ತಗೊಳ್ಳಲಿ?

ಗ್ಲಾಸ್ಗೋಗೆ ಬಂದು ಎರಡು ವರ್ಷವಾಯಿತು, ಮದುವೆ ಮನೆಗಲ್ಲ, ಶನಿವಾರ ಭಾನುವಾರ ಟೀ ಶರ್ಟಿನ ಜೊತೆ ಸುಮ್ನೆ ಹಾಕಿಕೊಂಡು ಓಡಾಡಲು ಒಂದು ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು) ಬೇಕು ಅಂದಿದ್ದೀರಿ. 150 ಪೌಂಡಿನ ಒಳಗಿರಬೇಕು, ನಾಲ್ಕೈದು ವರ್ಷ ಬಾಳಬೇಕು, ಸ್ಕಾಟ್ಲೆಂಡಿನವನಲ್ಲದ ನಾನು ಹಾಕಿಕೊಂಡರೆ ಯಾರಾದರೂ ಬೇಸರ ಮಾಡಿಕೊಳ್ಳುತ್ತಾರಾ ಅಂತಲೂ ಕೇಳಿದ್ದೀರಿ.

ನಾನು ಎಡಿನ್‌ಬರೋದಲ್ಲಿದ್ದೇನೆ. ಏಳು ವರ್ಷದಿಂದ ಕಿಲ್ಟ್ ಹಾಕುತ್ತಿದ್ದೇನೆ. ತರಕಾರಿ ತರಲು, ಬೆಟ್ಟ ಹತ್ತಲು, ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋಗಲು, ಎಲ್ಲಕ್ಕೂ. ನಿಮ್ಮ ಬಜೆಟ್ಟಿಗೆ ನಾನು ಹೇಳುವುದು ಇಷ್ಟು: ಪಾಲಿ-ವಿಸ್ಕೋಸ್ ಬಟ್ಟೆಯದು, 5 ಗಜದ್ದು, ನಿಮ್ಮ ಅಳತೆ ಕೊಟ್ಟು ಹೊಲಿಸಿದ್ದು ತಗೊಳ್ಳಿ. ಬಣ್ಣ, ಚೌಕಳಿ, ಟಾರ್ಟನ್ ಅನ್ನುವ ಆ ಚೌಕಳಿ ವಿನ್ಯಾಸ ಯಾವ ಕುಲದ್ದು ಅನ್ನುವುದೆಲ್ಲ ಆಮೇಲೆ. ಮೊದಲು ಬಟ್ಟೆ ಮುಟ್ಟಿ ನೋಡಿ.

ನಾನು ಮೊದಲು ಬಣ್ಣ ನೋಡಿದೆ. ಪ್ರವಾಸಿಗರು ತುಂಬಿರುವ ಬೀದಿಯ ಒಂದು ಅಂಗಡಿಯಲ್ಲಿ 35 ಪೌಂಡಿಗೆ ಕೆಂಪು ಚೌಕಳಿಯದ್ದು ಸಿಕ್ಕಿತು. ಅಕ್ರಿಲಿಕ್ ಬಟ್ಟೆ. ಹೊಸದರಲ್ಲಿ ಬಹಳ ಚೆನ್ನಾಗಿತ್ತು. ಎರಡು ತಿಂಗಳಿಗೆ ಬ್ಯಾಗು ಉಜ್ಜುವ ಕಡೆಯೆಲ್ಲ ಹಳೇ ಸ್ವೆಟರಿನ ಹಾಗೆ ಚಿಕ್ಕ ಚಿಕ್ಕ ಉಂಡೆ ಎದ್ದವು. ಬಸ್ಸಿನಲ್ಲಿ ಅರ್ಧ ಗಂಟೆ ಕೂತು ಎದ್ದರೆ ಹಿಂದಿನ ನೆರಿಗೆಗಳು ಬಿಚ್ಚಿಕೊಂಡು ಕೊಡೆಯ ಹಾಗೆ ಅಗಲವಾಗುತ್ತಿದ್ದವು. ಸರಿ, ಗಟ್ಟಿಯಾಗಿ ಇಸ್ತ್ರಿ ಮಾಡೋಣ ಅಂತ ಬಿಸಿ ಜಾಸ್ತಿ ಇಟ್ಟೆ. ಒಂದು ನೆರಿಗೆಯ ಅಂಚು ಮಿರಮಿರ ಮಿಂಚಿ, ಬೆರಳಿಗೆ ಪ್ಲಾಸ್ಟಿಕ್ಕಿನ ಹಾಗೆ ಗಡುಸಾಯಿತು. ಅಕ್ರಿಲಿಕ್ ಬಿಸಿಗೆ ಕರಗುತ್ತದೆ. ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತುಂಬಾ ಬೇಜಾರಾಯಿತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪಾಲಿ-ವಿಸ್ಕೋಸನ್ನು ಇಲ್ಲಿ ಎಲ್ಲರೂ ಪಿವಿ ಅನ್ನುತ್ತಾರೆ. ಸಾಮಾನ್ಯವಾಗಿ 65 ಪಾಲು ಪಾಲಿಯೆಸ್ಟರ್, 35 ಪಾಲು ವಿಸ್ಕೋಸ್. ನಿಮಗೆ ಹೊಸದೇನಲ್ಲ. ಊರಲ್ಲಿ ಪ್ಯಾಂಟ್ ಪೀಸ್ ತಂದು ಟೈಲರಿಗೆ ಕೊಡುತ್ತಿದ್ದೆವಲ್ಲ, ಅದರಲ್ಲಿ ಬಹಳಷ್ಟು ಇದೇ ಜಾತಿಯ ಬಟ್ಟೆ. ಪಾಲಿಯೆಸ್ಟರ್ ಇರುವುದರಿಂದ ನೆರಿಗೆಯ ಗೆರೆ ನಿಲ್ಲುತ್ತದೆ. ವಿಸ್ಕೋಸ್ ಇರುವುದರಿಂದ ಮೆತ್ತಗೆ ಬೀಳುತ್ತದೆ, ನೋಡಲು ಉಣ್ಣೆಯ ಹತ್ತಿರಕ್ಕೆ ಬರುತ್ತದೆ. ಮೆಷಿನ್‌ಗೆ ಹಾಕಿ ಒಗೆಯಬಹುದು, ದಿನಬಳಕೆಗೆ ಅದೇ ದೊಡ್ಡ ಅನುಕೂಲ. ಯಾರ್ಕ್‌ಶೈರಿನ ಮಾರ್ಟನ್ ಮಿಲ್ಸ್ ನೇಯುವ ಪಿವಿ ಟಾರ್ಟನ್ ಬಟ್ಟೆಯನ್ನು ಇಲ್ಲಿನವರೂ ಅಮೆರಿಕದವರೂ ಕಿಲ್ಟ್ ಹೊಲಿಯಲು ಬಳಸುತ್ತಾರೆ. ಕೊಳ್ಳುವ ಮುಂಚೆ ‘ಬಟ್ಟೆ ಯಾವ ಮಿಲ್ಲಿನದು’ ಅಂತ ಕೇಳಿ. ಒಳ್ಳೆಯ ಕೆಲಸದವರು ತಕ್ಷಣ ಹೇಳುತ್ತಾರೆ.

ಹಾಗಾದರೆ ಉಣ್ಣೆ ಯಾಕೆ ಬೇಡ? ಬೇಡ ಅಂತಲ್ಲ. ಉಣ್ಣೆಯದೇ ಅಸಲಿ, ಅದರ ತೂಗಾಟವೇ ಬೇರೆ. 8 ಗಜದ ಕಿಲ್ಟಿಗೆ ಜೋಡಿ ಪನ್ನದ ಬಟ್ಟೆ 4 ಗಜ ತಂದು ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಗಜಕ್ಕೆ 16 ಔನ್ಸ್ ತೂಗುವ ಬಟ್ಟೆಯಾದರೆ ಬರೀ ಬಟ್ಟೆಯೇ 1.8 ಕಿಲೋ ಆಯಿತು. ಆ ಭಾರದಿಂದಲೇ ಗಾಳಿಗೆ ಹಾರುವುದಿಲ್ಲ, ನಡೆದರೆ ನೆರಿಗೆಗಳು ಒಟ್ಟಾಗಿ ಅತ್ತಿತ್ತ ಆಡುತ್ತವೆ. ಆದರೆ ಕೈಯಲ್ಲಿ ಹೊಲಿದ 8 ಗಜದ ಹೊಸ ಉಣ್ಣೆ ಕಿಲ್ಟಿಗೆ 500 ಪೌಂಡ್, ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಮಗು ಐಸ್‌ಕ್ರೀಮ್ ಚೆಲ್ಲಿದರೆ ಮೆಷಿನ್‌ಗೆ ಹಾಕುವ ಹಾಗಿಲ್ಲ. ಮೊದಲನೆಯದಕ್ಕೆ ಆ ಭಯ ಬೇಡ.

ಗಜದ ಲೆಕ್ಕ ನಮಗೆ ಸುಲಭ ಅಲ್ವಾ? ಆರು ಗಜದ ಸೀರೆ, ಒಂಬತ್ತು ಗಜದ ಸೀರೆ ನೋಡಿ ಬೆಳೆದವರು ನಾವು. ಇಲ್ಲೂ ಗಜ ಹೆಚ್ಚಿದಷ್ಟೂ ನೆರಿಗೆ ಆಳ. ಕಿಲ್ಟಿನ ಮುಂಭಾಗ ಚಪ್ಪಟೆ, ಒಂದರ ಮೇಲೊಂದು ಬರುವ ಎರಡು ಪದರ. ಅದಕ್ಕೆ ಏಪ್ರನ್ ಅನ್ನುತ್ತಾರೆ. ಉಳಿದ ಬಟ್ಟೆಯೆಲ್ಲ ಹಿಂದೆ ನೆರಿಗೆಗೆ ಹೋಗುತ್ತದೆ. ಒಂದು ನೆರಿಗೆಯ ಒಳಗೆ ಬೆರಳು ತೂರಿಸಿ ನೋಡಿ. ಅಗ್ಗದ್ದರಲ್ಲಿ ಬೆರಳಿನ ಒಂದು ಗೆಣ್ಣು ಹೋಗುವಷ್ಟರಲ್ಲಿ ಮಡಿಕೆ ಮುಗಿಯುತ್ತದೆ. 5 ಗಜದ್ದರಲ್ಲಿ ದಿನಬಳಕೆಗೆ ಸಾಕಾಗುವಷ್ಟು ಆಳ ಇರುತ್ತದೆ, ಭಾರವೂ ಕಡಿಮೆ, ಬೇಸಿಗೆಯಲ್ಲಿ ಸೆಕೆಯೂ ಕಡಿಮೆ.

ಆ ಕೆಂಪು ಕಿಲ್ಟನ್ನು ಸರಿಮಾಡಿಸಬಹುದಾ ಅಂತ ಒಬ್ಬ ವಯಸ್ಸಾದ ಕಿಲ್ಟ್ ಹೊಲಿಯುವ ಅಮ್ಮನ ಹತ್ತಿರ ಹೋಗಿದ್ದೆ. ಆಕೆ ಅದನ್ನು ಬೈಯಲಿಲ್ಲ. ತಾನು ಹೊಲಿಯುತ್ತಿದ್ದ ಒಂದನ್ನು ಅದರ ಪಕ್ಕದಲ್ಲಿ ಮಗುಚಿ ಹಾಕಿ ತೋರಿಸಿದರು. ಬುಡದಲ್ಲಿ ಮಡಚಿ ಹೊಲಿದಿರಲಿಲ್ಲ, ಮಗ್ಗದಿಂದ ಬಂದ ಅಂಚೇ ಕೆಳಗಿತ್ತು. ಪಂಚೆಗೆ ಇರುತ್ತದಲ್ಲ, ಹಾಗೆ. ನನ್ನದರಲ್ಲಿ ಬುಡವನ್ನು ಮಡಚಿ ಮೆಷಿನ್ ಹೊಲಿಗೆ ಹಾಕಿದ್ದರು, ಆದ್ದರಿಂದ ಪ್ರತಿ ನೆರಿಗೆಯ ತುದಿಯೂ ದಪ್ಪಗಾಗಿ ಉಬ್ಬಿಕೊಂಡಿತ್ತು. ಆಮೇಲೆ ಆಕೆ ಹಿಂಭಾಗದಲ್ಲಿ ಒಂದು ಬಿಳಿ ಗೆರೆಯ ಮೇಲೆ ಉಗುರು ಎಳೆದರು. ಆ ಅಡ್ಡಗೆರೆ ಎಲ್ಲ ನೆರಿಗೆಗಳನ್ನೂ ದಾಟಿ ಈ ತುದಿಯಿಂದ ಆ ತುದಿಗೆ ಎಲ್ಲೂ ತಪ್ಪದೆ ಸಾಗಿತ್ತು. ಸೊಂಟದಿಂದ ಕೆಳಗೆ ಸುಮಾರು ಒಂದು ಗೇಣು ನೆರಿಗೆಗಳನ್ನು ಹೊಲಿದು ಮುಚ್ಚಿದ್ದರು. ಕಿಲ್ಟಿನ ಬಾಳಿಕೆ ಇರುವುದೇ ಆ ಒಂದು ಗೇಣಿನಲ್ಲಿ. ನನ್ನದರಲ್ಲಿ ಆ ಹೊಲಿಗೆ ನಾಲ್ಕು ಬೆರಳಿನಷ್ಟೂ ಇರಲಿಲ್ಲ. ಹಿಂಭಾಗದ ಅಗಲವಾದ ಜಾಗಕ್ಕೆ ಬರುವ ಮುಂಚೆಯೇ ನೆರಿಗೆ ಬಿಟ್ಟುಕೊಂಡರೆ ಅದು ಬಾಯಿ ತೆರೆಯದೆ ಇನ್ನೇನು ಮಾಡುತ್ತದೆ?

ಹಾಗಾಗಿ ಆನ್‌ಲೈನಿನಲ್ಲಿ ಕೊಳ್ಳುವುದಾದರೂ ಮೂರು ಫೋಟೋ ಕೇಳಿ ಪಡೆಯಿರಿ. ಬುಡದ ಅಂಚು, ಹಿಂದಿನ ನೆರಿಗೆಗಳು, ಒಳಮೈ. ಮುಂಭಾಗದ ಫೋಟೋ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಪಟ್ಟಿ ಮತ್ತು ಬಕಲ್ ನಿಜವಾದ ಚರ್ಮದ್ದಾದರೆ ಒಳ್ಳೆಯದು. ಸೊಂಟಕ್ಕೆ ವೆಲ್ಕ್ರೋ ಅಂಟಿಸಿದ್ದೂ ಬರುತ್ತದೆ, ಆಟಕ್ಕೆ ಓಟಕ್ಕೆ ಸರಿ. ದಿನಾ ಹಾಕಿದರೆ ವೆಲ್ಕ್ರೋ ಬೇಗ ಸೋಲುತ್ತದೆ. ನನಗೆ ಬಕಲ್ಲೇ ಇಷ್ಟ.

ಅಳತೆಯಲ್ಲಿ ಮಾತ್ರ ಅವಸರ ಬೇಡ. ನಿಮ್ಮ ಜೀನ್ಸ್ 34 ಅಂತ ಕಿಲ್ಟಿಗೂ 34 ಬರೆದುಕೊಟ್ಟರೆ ಕೆಟ್ಟಿತು. ಸಾಂಪ್ರದಾಯಿಕ ಕಿಲ್ಟ್ ಹೊಕ್ಕುಳ ಹತ್ತಿರ ಅಥವಾ ಅದಕ್ಕೂ ಮೇಲೆ ಕೂರುತ್ತದೆ, ಕ್ಯಾಶುಯಲ್ ಕಿಲ್ಟುಗಳು ಸ್ವಲ್ಪ ಕೆಳಗೆ. ನೀವು ಕೊಳ್ಳುವವರು ಎಲ್ಲಿ ಕೂರಿಸುತ್ತಾರೆ ಅಂತ ಮೊದಲು ಕೇಳಿ, ಅಲ್ಲಿಂದ ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ, ಹಿಂಭಾಗ ಅತಿ ಅಗಲವಾಗಿರುವ ಕಡೆ ಸುತ್ತಳತೆ, ಸೊಂಟದಿಂದ ಮಂಡಿಯವರೆಗೆ ಉದ್ದ, ಈ ಮೂರು ಬೇಕು. ನೀವೇ ಬಗ್ಗಿ ನೋಡಿದರೆ ಉದ್ದ ತಪ್ಪುತ್ತದೆ. ಮನೆಯಲ್ಲಿ ಯಾರಿಗಾದರೂ ಹೇಳಿ, ನೆಟ್ಟಗೆ ನಿಂತು ಮುಂದೆ ನೋಡುತ್ತಾ ಅಳೆಸಿಕೊಳ್ಳಿ. ಅಂಚು ಮೊಣಕಾಲು ಚಿಪ್ಪಿನ ಮೇಲ್ತುದಿಗೂ ಮಧ್ಯಕ್ಕೂ ನಡುವೆ ಬರಬೇಕು. ಬಂದ ಮೇಲೆ ಮಂಡಿಯೂರಿ ಮೈ ನೆಟ್ಟಗೆ ಮಾಡಿ ನೋಡಿ, ನೆಲಕ್ಕೂ ಅಂಚಿಗೂ ಒಂದು ಇಂಚು ಬಿಡುವು ಇದ್ದರೆ ಸರಿಯಾಗಿದೆ. ಕೆಳಗಿಳಿದರೆ ಲಂಗದ ಹಾಗೆ ಕಾಣುತ್ತದೆ, ಮಳೆಯಲ್ಲಿ ಒದ್ದೆ ಅಂಚು ಮೀನಖಂಡಕ್ಕೆ ಉಜ್ಜಿ ಚರ್ಮ ಕೆಂಪಾಗುತ್ತದೆ.

ಇನ್ನೊಂದು ದಾರಿಯೂ ಇದೆ, ಸ್ಕಾಟ್ಲೆಂಡಿನಲ್ಲೇ ಇರುವುದರಿಂದ ನಿಮಗದು ತೆರೆದಿದೆ. ಇಲ್ಲಿ ಮದುವೆಗೆ ಕಿಲ್ಟ್ ಬಾಡಿಗೆಗೆ ತರುವುದು ರೂಢಿ. ಬಾಡಿಗೆ ಅಂಗಡಿಯವರು ಹಳೆಯದಾದವನ್ನು ಆಗಾಗ ಮಾರುತ್ತಾರೆ. ಚಾರಿಟಿ ಅಂಗಡಿಗಳಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಅದೃಷ್ಟವಿದ್ದರೆ ನಿಮ್ಮ ದುಡ್ಡಿಗೇ ಉಣ್ಣೆಯದ್ದು ಸಿಕ್ಕೀತು. ಬೆಳಕಿಗೆ ಹಿಡಿದು ನುಸಿ ತಿಂದ ತೂತು ಇದೆಯಾ ನೋಡಿ. ಬಕಲನ್ನು ಒಂದೆರಡು ಇಂಚು ಆಚೀಚೆ ಹಾಕಿಸಬಹುದು, ಅದಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಉದ್ದ ಸರಿಯಿಲ್ಲದಿದ್ದರಂತೂ ಮುಟ್ಟಲೇಬೇಡಿ.

ಜೇಬುಗಳಿರುವ ಕಾಟನ್ ಕಿಲ್ಟುಗಳೂ ಇವೆ. ಅಮೆರಿಕದ ಸಿಯಾಟಲ್‌ನ ಯುಟಿಲಿಕಿಲ್ಟ್ಸ್ ಕಂಪನಿ 2000ದಲ್ಲಿ ಇದನ್ನು ಶುರುಮಾಡಿತು, ಆಮೇಲೆ ಬಹಳ ಜನ ಶುರುಮಾಡಿದರು. ತೋಟದ ಕೆಲಸಕ್ಕೆ, ಗ್ಯಾರೇಜಿಗೆ ಗಟ್ಟಿ. ಆದರೆ ಕಾಟನ್ ಸುಕ್ಕಾಗುತ್ತದೆ, ಒಗೆದಾಗಲೆಲ್ಲ ನೆರಿಗೆ ಇಸ್ತ್ರಿ ಮಾಡಬೇಕು.

ಟಾರ್ಟನ್ ವಿಷಯ. ಯಾವುದು ಬೇಕಾದರೂ ಉಡಬಹುದು, ತಡೆಯುವ ಕಾನೂನಿಲ್ಲ. ರಾಜಮನೆತನದವರಿಗೆ ಮೀಸಲಾದ ಬಾಲ್ಮೋರಲ್ ಟಾರ್ಟನ್ ಒಂದನ್ನು ಬಿಡಿ. ನೀಲಿ ಹಸಿರು ಕಪ್ಪಿನ ಬ್ಲ್ಯಾಕ್ ವಾಚ್ ಅನ್ನುವ ಟಾರ್ಟನ್ ದಿನಬಳಕೆಗೆ ತುಂಬಾ ಒಗ್ಗುತ್ತದೆ. ಕೊಳೆ ಕಾಣುವುದಿಲ್ಲ, ಎಲ್ಲ ಶರ್ಟಿಗೂ ಹೊಂದುತ್ತದೆ. ಇನ್ನು ಇಲ್ಲಿಯವರು ಬೇಸರ ಮಾಡಿಕೊಳ್ಳುತ್ತಾರಾ ಅನ್ನುವ ನಿಮ್ಮ ಅಳುಕು. ನನಗೂ ಇತ್ತು. ಈ ಉಡುಪಿಗೆ 1746ರ ಕಾನೂನಿನಲ್ಲಿ ನಿಷೇಧ ಬಂದಿತ್ತು. ಸೇನೆಯಲ್ಲಿದ್ದವರನ್ನು ಬಿಟ್ಟು ಸ್ಕಾಟ್ಲೆಂಡಿನ ಗಂಡಸರು ಇದನ್ನು ಹಾಕಿಕೊಂಡರೆ ಜೈಲು. 1782ರವರೆಗೆ ಹಾಗೇ ಇತ್ತು. ಅಷ್ಟು ಕಷ್ಟದಲ್ಲಿ ಉಳಿದು ಬಂದದ್ದನ್ನು ಹೊರಗಿನವನೊಬ್ಬ ಅಕ್ಕರೆಯಿಂದ ಉಟ್ಟರೆ ಇವರಿಗೆ ಖುಷಿಯೇ ಆಗುತ್ತದೆ. ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜ ನನ್ನ ಏಪ್ರನ್ ಉಲ್ಟಾ ಇರುವುದನ್ನು ನೋಡಿ ಮೆಲ್ಲಗೆ ಹತ್ತಿರ ಬಂದು ಹೇಳಿದರು. ಮೇಲಿನ ಪದರ ಎಡದಿಂದ ಬಂದು ಬಲಗಡೆ ಮುಗಿಯಬೇಕು, ನೂಲು ಬಿಟ್ಟ ಅಂಚು ಬಲಕ್ಕೆ. ಪಿನ್ನು ಹಾಕುವುದಾದರೆ ಮೇಲಿನ ಪದರಕ್ಕೆ ಮಾತ್ರ. ಎರಡನ್ನೂ ಸೇರಿಸಿ ಚುಚ್ಚಿದರೆ ದೊಡ್ಡ ಹೆಜ್ಜೆ ಇಟ್ಟಾಗ ಬಟ್ಟೆ ಹರಿಯುತ್ತದೆ.

ಉಳಿದ ಸಾಮಾನಿಗೆ ಈಗಲೇ ದುಡ್ಡು ಸುರಿಯಬೇಡಿ. ದಪ್ಪ ಸಾಕ್ಸು, ಬೆಟ್ಟ ಹತ್ತುವ ಬೂಟು, ಇರುವ ಟೀ ಶರ್ಟು ಸಾಕು. ಟಾರ್ಟನ್ ಕಿಲ್ಟಿಗೆ ಸಾಮಾನ್ಯವಾಗಿ ಜೇಬಿಲ್ಲ, ಆದ್ದರಿಂದ ಮುಂದೆ ತೂಗುವ ಸ್ಪೋರನ್ ಅನ್ನುವ ಚೀಲ ಒಂದು ಬೇಕಾಗುತ್ತದೆ. ಸಾದಾ ಚರ್ಮದ್ದು ತಗೊಳ್ಳಿ. ಒಳಗೆ ಚಡ್ಡಿ ಹಾಕಿಕೊಳ್ಳಿ, ಇಲ್ಲಿನ ಗಾಳಿ ನಿಮಗೆ ಗೊತ್ತೇ ಇದೆ.

ಒಗೆಯುವ ಮುಂಚೆ ನೆರಿಗೆಗಳ ಕೆಳಭಾಗಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಡಿ. ತಣ್ಣೀರಲ್ಲಿ ಒಗೆದು, ಹಿಂಡದೆ, ಕ್ಲಿಪ್ ಇರುವ ಹ್ಯಾಂಗರಿಗೆ ತಲೆ ಮೇಲಾಗಿ ನೇತುಹಾಕಿ. ಒಣಗಿದ ಮೇಲೆ ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ, ಆಮೇಲೆ ದಾರ ತೆಗೆಯಿರಿ. ಇಷ್ಟಕ್ಕೆ ನನ್ನ ಪಿವಿ ಕಿಲ್ಟ್ ಆರನೇ ವರ್ಷಕ್ಕೆ ಬಂದಿದೆ, ಒಂದು ಚರ್ಮದ ಪಟ್ಟಿ ಮಾತ್ರ ಬದಲಾಯಿಸಿದ್ದೇನೆ.

ಕೂರುವಾಗ ಎರಡೂ ಅಂಗೈಯಿಂದ ಹಿಂದಿನ ನೆರಿಗೆಗಳನ್ನು ಕೆಳಕ್ಕೆ ಸವರಿಕೊಂಡು ಕೂರಿ. ಮೊದಲ ವಾರ ಇದು ನೆನಪಾಗುವುದಿಲ್ಲ. ಮನೆಯಲ್ಲೇ ಎರಡು ಮೂರು ಸಂಜೆ ಹಾಕಿಕೊಂಡು ಕೂತು ಎದ್ದು ಮಾಡಿ, ಕೈ ತಾನಾಗಿ ಕಲಿಯುತ್ತದೆ. ಯಾವುದಾದರೂ ಮನಸ್ಸಿಗೆ ಬಂದರೆ ಬುಡದ ಅಂಚು, ನೆರಿಗೆ, ಒಳಮೈ ಫೋಟೋಗಳನ್ನು ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.